ಒಂದೇ ಆಸಿಲೇಟರ್ ಸಾಕಾ?

(ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಗೀತ ಮಾಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಕೀಬೋರ್ಡ್ ಎದುರಿಗಿತ್ತು, ನುಡಿಸಿ ತೋರಿಸಿದ್ದೆ. ಇಲ್ಲಿ ಆ ಕೆಲಸವನ್ನೂ ಮಾತೇ ಮಾಡಬೇಕು.)

ಎಲ್ಲರಿಗೂ ನಮಸ್ಕಾರ.

1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಎಸ್‌ಎಚ್-101 ಅನ್ನೋ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್, ತಂದಿತು. ಪ್ಲಾಸ್ಟಿಕ್ ಮೈ, 32 ಕೀ. ಬ್ಯಾಟರಿ ಹಾಕಿ ಗಿಟಾರ್ ತರಹ ಹೆಗಲಿಗೆ ನೇತುಹಾಕಿಕೊಂಡೂ ನುಡಿಸಬಹುದಿತ್ತು. ಒಂದು ಸಲಕ್ಕೆ ಒಂದೇ ಸ್ವರ. ಒಳಗೆ ಮೂಲ ಸದ್ದು ಹುಟ್ಟಿಸುವ ಒಂದು ಆಸಿಲೇಟರ್, ಅದರ ಜೊತೆಗೆ ಕೆಳಗಿನ ಆಕ್ಟೇವ್ ಕೊಡುವ ಒಂದು ಸಬ್ ಆಸಿಲೇಟರ್, ಸುಯ್ ಅನ್ನುವ ಸ್ವಲ್ಪ ನಾಯ್ಸ್, ಸದ್ದನ್ನು ಸೋಸುವ ಒಂದು ಫಿಲ್ಟರ್, ಒಂದು ಎನ್ವಲಪ್, ಸದ್ದನ್ನು ನಿಧಾನಕ್ಕೆ ಅಲುಗಿಸುವ ಒಂದು ಎಲ್‌ಎಫ್‌ಓ. ಮುಗಿಯಿತು. ಇಷ್ಟಪಟ್ಟ ಸೌಂಡನ್ನು ಉಳಿಸಿಟ್ಟುಕೊಳ್ಳಲು ಮೆಮೊರಿ ಕೂಡ ಇಲ್ಲ. ಸ್ಲೈಡರ್‌ಗಳು ಎಲ್ಲೆಲ್ಲಿದ್ದವು ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು.

ಆ ಕಾಲಕ್ಕೂ ಇದು ದೊಡ್ಡ ಯಂತ್ರವೇನಲ್ಲ. ಅದೇ ಕಂಪನಿಯ ಜುಪಿಟರ್-8 ಒಂದು ವರ್ಷ ಮೊದಲೇ ಬಂದಿತ್ತು. ಎಂಟು ಸ್ವರ ಒಟ್ಟಿಗೆ ನುಡಿಸಬಹುದು, ಪ್ರತಿ ಸ್ವರಕ್ಕೆ ಎರಡೆರಡು ಆಸಿಲೇಟರ್. ಅದರ ಮುಂದೆ 101 ಮಕ್ಕಳ ಆಟಿಕೆ ಹಾಗೆ ಕಾಣುತ್ತಿತ್ತು. ಆದರೂ ಇವತ್ತಿಗೂ ಜನ ಅದನ್ನು ಹುಡುಕುತ್ತಾರೆ. 2017ರಲ್ಲಿ ರೋಲ್ಯಾಂಡ್ ತಾನೇ ಅದನ್ನು ಎಸ್‌ಎಚ್-01ಎ ಹೆಸರಿನಲ್ಲಿ ಸಣ್ಣ ಡಬ್ಬವಾಗಿ ಮತ್ತೆ ಮಾರುಕಟ್ಟೆಗೆ ತಂದಿತು.

ಯಾಕೆ? ಹಳೆಯದರ ಮೇಲಿನ ಮೋಹ ಒಂದು ಪಾಲು ಇರಬಹುದು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಯಂತ್ರದ ಜೋಡಣೆಯಲ್ಲೇ ಕೆಲವು ಕಾರಣಗಳಿವೆ. ಅವನ್ನು ಬಿಡಿಸಿ ನೋಡೋಣ.

ಮೊದಲು ಆ ಒಂಟಿ ಎನ್ವಲಪ್. ಸೌಂಡ್ ಹೇಗೆ ಏಳಬೇಕು, ಎಷ್ಟು ಬೇಗ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಕೀ ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಆರಬೇಕು ಅಂತ ಹೇಳುವುದು ಎನ್ವಲಪ್. ದೊಡ್ಡ ಸಿಂಥ್‌ಗಳಲ್ಲಿ ಫಿಲ್ಟರ್‌ಗೆ ಒಂದು, ವಾಲ್ಯೂಮ್‌ಗೆ ಇನ್ನೊಂದು ಇರುತ್ತದೆ. 101ರಲ್ಲಿ ಎರಡಕ್ಕೂ ಒಂದೇ. ಕಾಸು ಉಳಿಸಲು ಮಾಡಿದ್ದು, ಗೊತ್ತು. ಆದರೆ ಅದರ ಪರಿಣಾಮ ಏನಾಯಿತು ನೋಡಿ. ಸದ್ದು ಜೋರಾದಾಗ ಹೊಳಪೂ ಏರುತ್ತದೆ. ಸದ್ದು ಇಳಿದಾಗ ಹೊಳಪೂ ಇಳಿಯುತ್ತದೆ. ವೀಣೆಯ ತಂತಿ ಮೀಟಿದಾಗಲೂ ಹೀಗೇ ಅಲ್ವಾ? ಮೀಟಿದ ಕ್ಷಣದಲ್ಲಿ ಕಿಣಿ ಅನ್ನುವ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದೊಳಗೇ ಅಡಗಿರುವ ಎತ್ತರದ ಸ್ವರಗಳು) ತುಂಬಾ ಇರುತ್ತವೆ. ಅವು ಬೇಗ ಸಾಯುತ್ತವೆ. ಕೆಳಗಿನವು ಉಳಿದು ನಿಧಾನಕ್ಕೆ ಆರುತ್ತವೆ. ನಮ್ಮ ಕಿವಿಗೆ ಹುಟ್ಟಿನಿಂದ ಈ ನಡವಳಿಕೆ ರೂಢಿ. ಹಾಗಾಗಿ 101ರಲ್ಲಿ ನೀವು ಸ್ಲೈಡರ್‌ಗಳನ್ನು ಸುಮ್ನೆ ಎಲ್ಲಿಗೋ ತಳ್ಳಿದರೂ ಬರುವ ಸೌಂಡು ನಿಜವಾದ ವಸ್ತುವೊಂದರ ಸದ್ದಿನ ಹಾಗೆ ನಡೆದುಕೊಳ್ಳುತ್ತದೆ.

ಈಗ ಆಸಿಲೇಟರ್. ಗರಗಸದ ಹಲ್ಲಿನ ಆಕಾರದ ಸಾ ವೇವ್ ತೆಗೆದುಕೊಳ್ಳಿ. 110 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 110 ಕಂಪನದ, ಒಂದು ಸ್ವರ ಒತ್ತಿದರೆ ಒಳಗೆ 110 ಮಾತ್ರ ಇರುವುದಿಲ್ಲ. 220, 330, 440, 550 ಹೀಗೆ ಎಲ್ಲಾ ಗುಣಕಗಳೂ ಇರುತ್ತವೆ. ಎರಡನೆಯದರ ಬಲ ಅರ್ಧ, ಮೂರನೆಯದರದ್ದು ಮೂರನೇ ಒಂದು, ನಾಲ್ಕನೆಯದರದ್ದು ಕಾಲು. ಸ್ಕ್ವೇರ್ ವೇವ್ ಆದರೆ 110, 330, 550 ಹೀಗೆ ಬೆಸ ಗುಣಕಗಳು ಮಾತ್ರ. ಅದಕ್ಕೇ ಅದು ಸ್ವಲ್ಪ ಟೊಳ್ಳಾಗಿ, ಕ್ಲಾರಿನೆಟ್‌ನ ಕಡೆಗೆ ವಾಲಿದಂತೆ ಕೇಳುತ್ತದೆ.

ಅಂದರೆ ಒಂದೇ ಸಾ ವೇವ್‌ನಲ್ಲಿ ಹತ್ತಾರು ಹಾರ್ಮೋನಿಕ್‌ಗಳು ಆಗಲೇ ತುಂಬಿಕೊಂಡಿವೆ. ನಾವು ಮಾಡುವುದು ಬೇಡದ್ದನ್ನು ತೆಗೆಯುವ ಕೆಲಸ. ಫಿಲ್ಟರ್ ತಡೆಯಲು ಶುರುಮಾಡುವ ಜಾಗವನ್ನು, ಅಂದರೆ ಕಟ್‌ಆಫನ್ನು, 1000 ಹರ್ಟ್ಸ್‌ಗೆ ಇಟ್ಟರೆ ಆ 110ರ ಸ್ವರದಲ್ಲಿ ಮೊದಲ ಒಂಬತ್ತು ಹಾರ್ಮೋನಿಕ್‌ಗಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಮೇಲಿನವು ಮಸುಕಾಗುತ್ತವೆ. ನಾಬ್ ತಿರುಗಿಸುತ್ತಾ ಹೋದರೆ ಒಂದೊಂದೇ ಹಾರ್ಮೋನಿಕ್ ಬಾಗಿಲು ದಾಟಿ ಒಳಗೆ ಬರುವುದು ಕೇಳಿಸುತ್ತದೆ. ಕಟ್‌ಆಫ್ ಹತ್ತಿರದ ಹಾರ್ಮೋನಿಕ್‌ಗಳನ್ನು ಎತ್ತಿ ತೋರಿಸುವ ರೆಸೊನೆನ್ಸ್ ಏರಿಸಿದರೆ ಇನ್ನೂ ಸ್ಪಷ್ಟ. ಒಂದು ಆಸಿಲೇಟರ್ ಇದ್ದಾಗ ಮಾತ್ರ ಇದು ಇಷ್ಟು ಚೊಕ್ಕವಾಗಿ ಕೇಳುತ್ತದೆ. ನಾಲ್ಕು ಆಸಿಲೇಟರ್, ಮೇಲೆ ಎರಡು ಸ್ಯಾಂಪಲ್ ಹಾಕಿ ಇದೇ ನಾಬ್ ತಿರುಗಿಸಿ. ಏನೋ ಬದಲಾಗುತ್ತದೆ. ಏನು ಅಂತ ಹೇಳಲು ಬರುವುದಿಲ್ಲ.

ಬೇಸ್ ವಿಷಯದಲ್ಲಂತೂ ಇದು ಬರೀ ರುಚಿಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಸೌಂಡ್ ದಪ್ಪ ಆಗಲಿ ಅಂತ ನಾವೆಲ್ಲ ಮಾಡುವ ಮೊದಲ ಕೆಲಸ ಇನ್ನೊಂದು ಆಸಿಲೇಟರ್ ಹಾಕಿ ಸ್ವಲ್ಪ ಡೀಟ್ಯೂನ್ ಮಾಡುವುದು, ಅಂದರೆ ಶ್ರುತಿ ಕೊಂಚ ಆಚೀಚೆ ಸರಿಸುವುದು. ಐದು ಸೆಂಟ್ ಅಂತ ಇಟ್ಟುಕೊಳ್ಳೋಣ (ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್). 440 ಹರ್ಟ್ಸ್‌ನಲ್ಲಿ ಐದು ಸೆಂಟ್ ಅಂದರೆ ಸುಮಾರು 1.3 ಹರ್ಟ್ಸ್ ವ್ಯತ್ಯಾಸ. ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸಲ ಸದ್ದು ಉಬ್ಬಿ ಇಳಿಯುತ್ತದೆ. ಅದು ಚೆನ್ನಾಗಿಯೇ ಇರುತ್ತದೆ, ಸೌಂಡಿಗೆ ಉಸಿರು ಬಂದ ಹಾಗೆ. ಅದೇ ಐದು ಸೆಂಟ್ 55 ಹರ್ಟ್ಸ್‌ನ ಬೇಸ್ ಸ್ವರದಲ್ಲಿ ಬರೀ 0.16 ಹರ್ಟ್ಸ್. ಅಂದರೆ ಸುಮಾರು ಆರು ಸೆಕೆಂಡಿಗೊಮ್ಮೆ ಬೇಸಿನ ಬುಡದ ಸ್ವರ ಪೂರ್ತಿ ಏಳುತ್ತದೆ, ನಡುವೆ ಒಮ್ಮೆ ಪೂರ್ತಿ ಬೀಳುತ್ತದೆ. ಎರಡೂ ಆಸಿಲೇಟರ್‌ಗಳ ಬಲ ಸಮ ಇದ್ದರೆ ಆ ಕ್ಷಣಕ್ಕೆ ಬುಡದ ಸ್ವರ ಕಾಣೆಯೇ ಆಗಿರುತ್ತದೆ. ಹಾಡಿನ ಒಂದು ಸಾಲಿನಲ್ಲಿ ಬೇಸ್ ಎದೆಗೆ ತಾಗುತ್ತದೆ, ಮುಂದಿನ ಸಾಲಿನಲ್ಲಿ ಇಲ್ಲ. ಮಿಕ್ಸಿಂಗ್ ಮಾಡುವವರು ಇದನ್ನು ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್‌ನಿಂದ ಸರಿಮಾಡಲು ಒದ್ದಾಡುತ್ತಾರೆ. ರೋಗ ಇರುವುದು ಪ್ಯಾಚ್‌ನಲ್ಲಿ, ಅಂದರೆ ಸೌಂಡ್ ಕಟ್ಟಿದ ರೀತಿಯಲ್ಲೇ.

101ರ ಸಬ್ ಆಸಿಲೇಟರ್ ಹೀಗೆ ಮಾಡುವುದಿಲ್ಲ. ಅದು ಸ್ವತಂತ್ರ ಆಸಿಲೇಟರೇ ಅಲ್ಲ. ಮುಖ್ಯ ಆಸಿಲೇಟರ್‌ನ ಕಂಪನ ಸಂಖ್ಯೆಯನ್ನು ಎರಡರಿಂದಲೋ ನಾಲ್ಕರಿಂದಲೋ ಭಾಗಿಸಿ ಕೆಳಗಿನ ಆಕ್ಟೇವ್ ಹುಟ್ಟಿಸುತ್ತಾರೆ. ಹಾಗಾಗಿ ಅದು ಯಾವತ್ತೂ ಶ್ರುತಿ ತಪ್ಪುವುದಿಲ್ಲ, ಮೇಲಿನದಕ್ಕೆ ಅಂಟಿಕೊಂಡೇ ಇರುತ್ತದೆ. ಆ ಪುಟ್ಟ ಯಂತ್ರದ ಬೇಸ್ ಗಟ್ಟಿಯಾಗಿ ಕೂರುವುದರ ಹಿಂದಿನ ಒಂದು ಮುಖ್ಯ ಕಾರಣ ಇದು.

ಇಷ್ಟೆಲ್ಲ ಇದ್ದೂ ನಾವು ಯಾಕೆ ಒಂದು ಸೌಂಡಿನ ಮೇಲೆ ಇನ್ನೊಂದು ಅಂತ ಲೇಯರ್ ಮೇಲೆ ಲೇಯರ್ ಹಾಕುತ್ತೇವೆ? ನನ್ನ ಅನುಮಾನ ಸಿಂಥ್ ಜೊತೆಗೇ ಬರುವ ಸಿದ್ಧ ಸೌಂಡ್‌ಗಳ, ಅಂದರೆ ಪ್ರೀಸೆಟ್‌ಗಳ ಮೇಲೆ. ಪ್ರೀಸೆಟ್ ಮಾಡುವವರ ಕೆಲಸ ಏನು? ಅಂಗಡಿಯಲ್ಲಿ ಒಂದೇ ಕೀ ಒತ್ತಿದ ಗಿರಾಕಿ ದಂಗಾಗಬೇಕು. ಆ ಒಂದು ಕೀಗೆ ಬೇಸ್ ಇರಬೇಕು, ಮೇಲೆ ಮಿನುಗಬೇಕು, ಎಡದಿಂದ ಬಲಕ್ಕೆ ಓಡಾಡಬೇಕು, ರಿವರ್ಬ್ ತೇಲಬೇಕು. ಅಂದರೆ ಇಡೀ ಹಾಡು ಒಂದು ಕೀಯಲ್ಲಿ ತುಂಬಿರಬೇಕು. ಅದರಲ್ಲಿ ತಪ್ಪಿಲ್ಲ, ಅವರು ಮಾರಾಟ ಮಾಡಬೇಕಲ್ಲ. ಅಂಥ ಎಂಟು ಸೌಂಡ್‌ಗಳನ್ನು ಒಂದೇ ಹಾಡಿಗೆ ಹಾಕಿದಾಗ ತೊಂದರೆ ಶುರು. ಮದುವೆ ಫೋಟೋದಲ್ಲಿ ಎಲ್ಲರೂ ಮುಂದಿನ ಸಾಲಿಗೇ ಬಂದು ನಿಂತ ಹಾಗೆ. ಹಾಡುವವರ ದನಿಗೆ ಜಾಗ ಎಲ್ಲಿ?

ನಮ್ಮ ಆರ್ಕೆಸ್ಟ್ರಾ ಕೀಬೋರ್ಡ್ ವಾದಕರಿಗೆ ಇದು ಚೆನ್ನಾಗಿ ಗೊತ್ತು. ಗಣೇಶೋತ್ಸವದ ಬಯಲಿನಲ್ಲಿ ಸ್ಟೀರಿಯೋ ಅನ್ನೋದು ಬರೀ ಕನಸು. ಬಹಳ ಕಡೆ ಎರಡೂ ಕಡೆಯ ಸ್ಪೀಕರ್‌ಗೆ ಹೋಗುವುದು ಒಂದೇ ಮೋನೋ ಸಿಗ್ನಲ್. ಹೆಡ್‌ಫೋನಿನಲ್ಲಿ ಆಕಾಶದಷ್ಟು ಅಗಲ ಇದ್ದ ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಹರಡಿಕೊಳ್ಳುವ ಸೌಂಡ್, ಅಲ್ಲಿ ಎಡ ಬಲ ಒಂದಾದಾಗ ಒಂದನ್ನೊಂದು ಕಡಿದುಕೊಂಡು ತೆಳ್ಳಗಾಗಿ ಬಿಡುತ್ತದೆ. ಪಳಗಿದ ವಾದಕರು ಅಂಥ ಕಡೆ ಒಂದು ಸರಳ ಬ್ರಾಸ್, ಒಂದು ಸರಳ ಸ್ಟ್ರಿಂಗ್ಸ್, ಒಂದು ಲೀಡ್ ಇಟ್ಟುಕೊಂಡು ರಾತ್ರಿಯೆಲ್ಲ ನಡೆಸುತ್ತಾರೆ. ಅವರನ್ನು ಯಾರೂ ಸೌಂಡ್ ಡಿಸೈನರ್ ಅನ್ನುವುದಿಲ್ಲ. ಅನ್ನಬೇಕು ಅಂತ ನನ್ನ ಅಭಿಪ್ರಾಯ.

ಸರಳ ಅಂದರೆ ಬಡಕಲು ಅಂತಲ್ಲ ಅನ್ನುವುದಕ್ಕೆ ನಮ್ಮ ಹತ್ತಿರ ತಂಬೂರಿ ಇದೆ. ನಾಲ್ಕು ತಂತಿ. ನುಡಿಸುವುದು ಎರಡೇ ಸ್ವರ, ಪಂಚಮ ಮತ್ತು ಷಡ್ಜ. ರಾಗ ಇಲ್ಲ, ತಾಳ ಇಲ್ಲ. ಆದರೆ ಗಂಟೆಗಟ್ಟಲೆ ಕೇಳಬಹುದು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ದಾರ ಇಡುತ್ತಾರಲ್ಲ, ಅದನ್ನು ಕೂದಲೆಳೆಯಷ್ಟು ಸರಿಸಿದರೆ ಇಡೀ ನಾದದ ಬಣ್ಣ ಬದಲಾಗುತ್ತದೆ. ತಂತಿ ಕುದುರೆಯನ್ನು ತಾಗಿ ಬಿಡುವ ರೀತಿಯಿಂದ ಮೇಲಿನ ಹಾರ್ಮೋನಿಕ್‌ಗಳು ಒಂದರ ಹಿಂದೆ ಒಂದು ಎದ್ದು ಹೋಗುತ್ತವೆ. ಫಿಲ್ಟರ್‌ನ ರೆಸೊನೆನ್ಸ್ ಏರಿಸಿ ನಿಧಾನವಾಗಿ ಕಟ್‌ಆಫ್ ತಿರುಗಿಸಿದಾಗ ಕೇಳುವುದಕ್ಕೂ ಇದಕ್ಕೂ ತುಂಬಾ ಹತ್ತಿರ. ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆ ಕಟ್ಟಿದ ಕೊಳಲು ವಾದಕ ಮತ್ತು ಎಂಜಿನಿಯರ್ ಜಿ. ರಾಜ್‌ನಾರಾಯಣ್ ಈ ನಾದವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಇಳಿಸುವ ಕೆಲಸಕ್ಕೆ ಇಳಿದವರು. ನಮ್ಮಲ್ಲಿ ಎಷ್ಟೋ ಜನ ಆ ಪೆಟ್ಟಿಗೆಯನ್ನು ಆನ್ ಮಾಡಿಯೇ ಸರಳೆ ವರಸೆ ಕಲಿತಿದ್ದೇವೆ. ಅದೂ ಒಂದು ಸಿಂಥಸೈಸರೇ ಅಂತ ನಮಗೆ ಹೊಳೆದಿರುವುದಿಲ್ಲ, ಅಷ್ಟೇ.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ.

101 ಬರುವ ಸ್ವಲ್ಪ ಮೊದಲು ರೋಲ್ಯಾಂಡ್ ಇನ್ನೊಂದು ಬೆಳ್ಳಿ ಬಣ್ಣದ ಸಣ್ಣ ಪೆಟ್ಟಿಗೆ ಮಾಡಿತ್ತು. ಟಿಬಿ-303. ರೂಪಿಸಿದವರು ತಡಾವೊ ಕಿಕುಮೊಟೊ. ಬೇಸ್ ಗಿಟಾರ್ ನುಡಿಸುವವರು ಸಿಗದಿದ್ದರೆ ಒಬ್ಬ ಗಿಟಾರ್ ವಾದಕ ಅಭ್ಯಾಸಕ್ಕೆ ಇಟ್ಟುಕೊಳ್ಳಲಿ ಅನ್ನೋದು ಉದ್ದೇಶ. ಒಂದು ಆಸಿಲೇಟರ್. ಸಾ ಅಥವಾ ಸ್ಕ್ವೇರ್, ಎರಡರಲ್ಲಿ ಒಂದು. ಮೇಲೆ ಟ್ಯೂನಿಂಗ್, ಕಟ್‌ಆಫ್, ರೆಸೊನೆನ್ಸ್, ಎನ್ವಲಪ್ ಮಾಡ್, ಡಿಕೇ, ಆಕ್ಸೆಂಟ್ ಅಂತ ಆರು ಸಣ್ಣ ನಾಬ್. ಬೇಸ್ ಗಿಟಾರಿನ ಹಾಗೆ ಅದು ಕೇಳಲೇ ಇಲ್ಲ. ಅದರಲ್ಲಿ ಸ್ವರ ತುಂಬಿಸುವುದೋ ದೊಡ್ಡ ತಲೆನೋವು. ಸ್ವರಗಳನ್ನು ಒಂದು ಸಲ, ಅವುಗಳ ಕಾಲವನ್ನು ಇನ್ನೊಂದು ಸಲ ಹಾಕಬೇಕು. ಕೊಳ್ಳುವವರಿಲ್ಲದೆ 1984ಕ್ಕೆ ತಯಾರಿಕೆಯೇ ನಿಂತಿತು.

ಆದರೆ ಅದರಲ್ಲಿ ಎರಡು ಗುಣ ಇದ್ದವು. ಒಂದು ಸ್ಲೈಡ್. ಯಾವ ಸ್ವರಕ್ಕೆ ಸ್ಲೈಡ್ ಹಾಕುತ್ತೀರೋ ಅಲ್ಲಿಂದ ಮುಂದಿನದಕ್ಕೆ ಕಡಿಯದೆ ಜಾರುತ್ತದೆ. ಇನ್ನೊಂದು ಆಕ್ಸೆಂಟ್. ಆಕ್ಸೆಂಟ್ ಹಾಕಿದ ಸ್ವರ ಬರೀ ಜೋರಾಗುವುದಿಲ್ಲ, ಫಿಲ್ಟರನ್ನೂ ಮೇಲಕ್ಕೆ ದೂಡುತ್ತದೆ. ಒಂದರ ಹಿಂದೆ ಒಂದು ಆಕ್ಸೆಂಟ್ ಬಂದರೆ ಒಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ಪೂರ್ತಿ ಖಾಲಿಯಾಗುವುದರೊಳಗೆ ಮತ್ತೆ ತುಂಬುತ್ತದೆ. ಹಾಗಾಗಿ ಎರಡನೆಯದು ಮೊದಲಿನದಕ್ಕಿಂತ, ಮೂರನೆಯದು ಎರಡನೆಯದಕ್ಕಿಂತ ಎತ್ತರಕ್ಕೆ ಚಿಮ್ಮುತ್ತದೆ. ಯಂತ್ರಕ್ಕೆ ಹುಮ್ಮಸ್ಸು ಬಂದ ಹಾಗೆ.

1982ರಲ್ಲಿ ಮುಂಬೈನಲ್ಲಿ ಚರಣ್‌ಜಿತ್ ಸಿಂಗ್ ಅನ್ನುವ ವಾದಕ ಇದನ್ನು ಕೈಗೆತ್ತಿಕೊಂಡರು. ಸಿನಿಮಾ ರೆಕಾರ್ಡಿಂಗ್‌ಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. 303, ಟಿಆರ್-808 ಡ್ರಮ್ ಯಂತ್ರ, ಆಗಲೇ ಹೇಳಿದ ಜುಪಿಟರ್-8, ಇಷ್ಟು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಎಲ್‌ಪಿ ಮಾಡಿದರು. ಭೈರವಿ, ಲಲಿತ್, ಭೂಪಾಲಿ, ತೋಡಿ, ಯಮನ್, ಮಾಲ್ಕೌಂಸ್ ಎಲ್ಲ ಅದರಲ್ಲಿವೆ. ಆಗ ಯಾರೂ ಕಿವಿಗೊಡಲಿಲ್ಲ. ಐದು ವರ್ಷದ ನಂತರ, 1987ರಲ್ಲಿ, ಶಿಕಾಗೋದ ಫ್ಯೂಚರ್ ತಂಡ ಅದೇ 303ರ ನಾಬ್‌ಗಳನ್ನು ತಿರುಗಿಸುತ್ತಾ ಮಾಡಿದ ರೆಕಾರ್ಡಿನಿಂದ ಆಸಿಡ್ ಹೌಸ್ ಅನ್ನುವ ಒಂದು ಪಂಥವೇ ಹುಟ್ಟಿತು. ಚರಣ್‌ಜಿತ್ ಅವರ ಎಲ್‌ಪಿ 2010ರಲ್ಲಿ ಮತ್ತೆ ಹೊರಬಂದಾಗ ಜಗತ್ತಿನ ಎಲ್ಲ ಕಡೆಯವರೂ ಬೆರಗಾದರು. ಮುಂಬೈಯವರ ಕೆಲಸ ಶಿಕಾಗೋದವರಿಗೆ ಗೊತ್ತಿತ್ತು ಅನ್ನುವುದಕ್ಕೆ ಯಾವ ಸುಳಿವೂ ಇಲ್ಲ. ಯಂತ್ರ ಒಂದೇ, ಅದು ಇಬ್ಬರನ್ನೂ ಒಂದೇ ಕಡೆಗೆ ಎಳೆಯಿತು.

ಆ ರೆಕಾರ್ಡ್ ಕೇಳಿ ನೋಡಿ. ಸೌಂಡ್‌ಗಳು ಬಹಳ ಸರಳ. ಮೇಲೆ ಜಾರುತ್ತಾ ರಾಗ ಬಿಡಿಸುವ ಲೀಡ್, ಕೆಳಗೆ ಓಡುವ ಬೇಸ್, ತಾಳ. ಆದರೆ ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಪ್ರತಿ ಸಲವೂ ಕೇಳುತ್ತದೆ. ನಾನು ಇವತ್ತು ಹೇಳಲು ಬಂದದ್ದು ಮುಖ್ಯವಾಗಿ ಇದನ್ನೇ. ಸೌಂಡಿನಲ್ಲಿ ಕಡಿಮೆ ತುಂಬಿದಷ್ಟೂ ಕೈಗೆ ಜಾಗ ಜಾಸ್ತಿ.

ಗಮಕದ ಉದಾಹರಣೆ ತೆಗೆದುಕೊಳ್ಳಿ. ಈಗ ಎಲ್ಲೆಡೆ ಇರುವ ಸೂಪರ್‌ಸಾ ಸೌಂಡ್ ಇದೆಯಲ್ಲ, 1990ರ ದಶಕದಲ್ಲಿ ರೋಲ್ಯಾಂಡ್ ಜೆಪಿ-8000ದಿಂದ ಬಂದದ್ದು, ಅದರಲ್ಲಿ ಏಳು ಸಾ ವೇವ್‌ಗಳು ಶ್ರುತಿಯಿಂದ ಅಷ್ಟಷ್ಟು ಆಚೀಚೆ ಇರುತ್ತವೆ. ಸ್ವರ ಒಂದು ಬಿಂದುವಾಗಿ ಉಳಿಯುವುದಿಲ್ಲ, ಒಂದು ಪಟ್ಟಿಯಾಗಿ ಹರಡುತ್ತದೆ. ಕಾರ್ಡ್‌ಗಳಿಗೆ ಅದು ಭರ್ಜರಿ. ಆದರೆ ಅದರಲ್ಲಿ ತೋಡಿಯ ಗಾಂಧಾರ ನುಡಿಸಿ. ಪಿಚ್ ಬೆಂಡ್ ಚಕ್ರದಲ್ಲಿ ನೀವು ಎಷ್ಟೇ ನಾಜೂಕಾಗಿ ಅಲ್ಲಾಡಿಸಿದರೂ ಆ ನಾಜೂಕು ಪಟ್ಟಿಯ ಒಳಗೇ ಮುಚ್ಚಿಹೋಗುತ್ತದೆ. ಅದೇ ಬೆಂಡನ್ನು ಒಂಟಿ ಸಾ ವೇವ್‌ನಲ್ಲಿ, ಫಿಲ್ಟರ್ ಅರ್ಧ ಮುಚ್ಚಿ, ರಿವರ್ಬ್ ಇಲ್ಲದೆ ನುಡಿಸಿ. ಬೆರಳಿನ ಪ್ರತಿ ಚಲನೆಯೂ ಕೇಳುತ್ತದೆ. ತಪ್ಪೂ ಕೇಳುತ್ತದೆ, ಅದು ಬೇರೆ ಮಾತು. ಸರಳ ಸೌಂಡಿನಲ್ಲಿ ಸೋಮಾರಿತನಕ್ಕೆ ಅಡಗಲು ಜಾಗ ಇಲ್ಲ.

ಇಲ್ಲಿ ಒಬ್ಬರು ಎದ್ದು ಯಮಹಾ ಡಿಎಕ್ಸ್7 ಬಗ್ಗೆ ಕೇಳಿದರು. ಒಳ್ಳೆಯ ತಕರಾರು. 1983ರಲ್ಲಿ ಬಂದ ಆ ಸಿಂಥ್‌ನಲ್ಲಿ ಆರು ಆಪರೇಟರ್ (ಆಸಿಲೇಟರಿನಂಥ ಘಟಕ), ಅವನ್ನು ಜೋಡಿಸುವ 32 ವಿಧಾನ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ವಿಧಾನ, ಅಂದರೆ ಒಂದು ಆಪರೇಟರ್‌ನಿಂದ ಇನ್ನೊಂದರ ಕಂಪನವನ್ನು ಅಲುಗಿಸುವುದು, ಅದರ ಒಳಗಿತ್ತು. ನಾಬ್‌ಗಳೇ ಇಲ್ಲದ ಮುಖ, ಒಂದು ಪುಟ್ಟ ಪರದೆ. ಸರಳದ ಪೂರ್ತಿ ಎದುರು. ಆದರೂ ಆ ದಶಕದ ಹಾಡುಗಳಲ್ಲೆಲ್ಲ ಅದೇ ಇತ್ತಲ್ಲ?

ಇತ್ತು. ಅದರ ಅತಿ ಹೆಸರಾದ ಸೌಂಡ್ ಇ.ಪಿಯಾನೋ 1. ಅದನ್ನು ಬಿಚ್ಚಿ ನೋಡಿದರೆ ನಗು ಬರುತ್ತದೆ. ಆರು ಆಪರೇಟರ್‌ಗಳು ಎರಡೆರಡಾಗಿ ಮೂರು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಕೇಳಿಸುವ ಆಪರೇಟರ್, ಇನ್ನೊಂದು ಅದನ್ನು ಅಲುಗಿಸುವುದು. ಎರಡು ಜೋಡಿ ಸೇರಿ ಪಿಯಾನೋದ ಮೈ ಕೊಡುತ್ತವೆ. ಮೂರನೆಯದರಲ್ಲಿ ಅಲುಗಿಸುವ ಆಪರೇಟರ್ ಮೂಲ ಸ್ವರದ 14 ಪಟ್ಟು ಮೇಲಿದೆ, ಬೇಗ ಆರಿಹೋಗುತ್ತದೆ. ಆ ಟಿಣ್ ಅನ್ನುವ ಸದ್ದು ಅಲ್ಲಿಂದ ಬರುವುದು. ಜೋರಾಗಿ ಒತ್ತಿದರೆ ಟಿಣ್ ಜಾಸ್ತಿ, ಮೆಲ್ಲಗೆ ಒತ್ತಿದರೆ ಕಡಿಮೆ. ಯಂತ್ರ ಕಷ್ಟದ್ದು, ಸೌಂಡಿನ ಹಿಂದಿನ ಯೋಚನೆ ಸುಲಭದ್ದು. ಬೆರಳಿನ ಬಲಕ್ಕೆ ಅದು ಓಗೊಡುತ್ತದೆ. ಹಾಗಾಗಿ ಅದನ್ನು ನನ್ನ ಮಾತಿಗೆ ವಿರುದ್ಧ ಅಂತ ನಾನು ಎಣಿಸುವುದಿಲ್ಲ.

ಹಾಗಂತ ಎಲ್ಲ ಕಡೆ ಸರಳವೇ ಸರಿ ಅಂತ ಹಟ ಇಲ್ಲ. ಸಿನಿಮಾದಲ್ಲಿ ಕಾಡಿನ ರಾತ್ರಿಗೆ ಹಿನ್ನೆಲೆ ಸದ್ದು ಕಟ್ಟಬೇಕಾದರೆ, ಐದು ನಿಮಿಷ ಒಂದೇ ಕಾರ್ಡ್ ಹಿಡಿದು ಅದು ಒಳಗೊಳಗೇ ಬದಲಾಗುತ್ತಿರಬೇಕಾದರೆ, ಅಲ್ಲಿ ಲೇಯರ್ ಬೇಕೇ ಬೇಕು. ಅಲ್ಲಿ ಕೈ ಆಡುತ್ತಿಲ್ಲ, ಸೌಂಡೇ ಆಡಬೇಕು. ನನ್ನ ಜಗಳ ಇರುವುದು ಟ್ಯೂನ್ ನುಡಿಸುವ ಸೌಂಡ್‌ಗಳ ಜೊತೆ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

“ಒಂದೇ ಆಸಿಲೇಟರ್ ಇಟ್ರೆ ಸೌಂಡು ತುಂಬಾ ಬರಿದಾಗಿ ಕೇಳುತ್ತೆ ಸರ್, ಆಗ ಏನ್ ಮಾಡೋದು?”

ಎರಡನೆಯದನ್ನು ಹಾಕುವ ಮೊದಲು ಇರುವುದನ್ನು ಅಲುಗಿಸಿ ಅಂದೆ. ಕೀ ಒತ್ತುವ ಬಲವನ್ನು ಫಿಲ್ಟರ್ ಕಟ್‌ಆಫ್‌ಗೆ ಜೋಡಿಸಿ, ಆಗ ಪ್ರತಿ ಸ್ವರದ ಬಣ್ಣ ಸ್ವಲ್ಪ ಬೇರೆಯಾಗುತ್ತದೆ. ಮಾಡ್ ವ್ಹೀಲಿಗೆ ವೈಬ್ರೇಟೊ ಕೊಡಿ, ಆದರೆ ಎಲ್‌ಎಫ್‌ಓ ಯಾವಾಗಲೂ ಓಡುತ್ತಿರುವುದು ಬೇಡ, ಕೈ ಬೇಕೆಂದಾಗ ಬರಲಿ. ಸ್ವರದಿಂದ ಸ್ವರಕ್ಕೆ ಜಾರುವ ಪೋರ್ಟಮೆಂಟೊವನ್ನು ಲೆಗಾಟೊಗೆ, ಅಂದರೆ ಕೀ ಬಿಡದೆ ನುಡಿಸಿದಾಗ, ಮಾತ್ರ ಇಡಿ. ಆಗ ಬಿಡಿಬಿಡಿಯಾಗಿ ಒತ್ತಿದ ಸ್ವರ ನೇರ ಬರುತ್ತದೆ, ಒತ್ತಿಕೊಂಡೇ ಮುಂದಿನದಕ್ಕೆ ಹೋದರೆ ಜಾರುತ್ತದೆ. ಇಷ್ಟಾದ ಮೇಲೂ ಬರಿದು ಅನಿಸಿದರೆ ರೋಲ್ಯಾಂಡಿನದೇ ಜೂನೋ-106 ಸಿಂಥ್ ಮಾಡಿದ ಹಾಗೆ ಮಾಡಿ. ಅದರಲ್ಲೂ ಸ್ವರಕ್ಕೆ ಒಂದೇ ಆಸಿಲೇಟರ್, ಒಂದೇ ಎನ್ವಲಪ್. ಕೊನೆಯಲ್ಲಿ ಸೌಂಡನ್ನು ಅಗಲ ಮಾಡುವ ಕೋರಸ್‌ಗೆ ಬಟನ್. ಬೇಕಾದರೆ ಒತ್ತಿ, ಬೇಡವಾದರೆ ಬಿಡಿ. ಬೇಸ್ ನುಡಿಸುವಾಗ ಬಿಡಿ.

“ನನ್ ಹತ್ರ ಸಾವಿರಾರು ಪ್ರೀಸೆಟ್ ಇವೆ. ಎಲ್ಲಾ ಡಿಲೀಟ್ ಮಾಡ್ಬೇಕಾ?”

ಬೇಡ. ನಿಮಗೆ ತುಂಬಾ ಇಷ್ಟವಾದ ಒಂದನ್ನು ತೆರೆಯಿರಿ. ಮೊದಲು ರಿವರ್ಬ್ ಮತ್ತು ಡಿಲೇ ಆಫ್ ಮಾಡಿ. ಆಮೇಲೆ ಲೇಯರ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ, ಪ್ರತಿ ಸಲ ನಿಮ್ಮ ಹಾಡಿನ ಜೊತೆಗೇ ಕೇಳಿ, ಬಿಡಿಯಾಗಿ ಬೇಡ. ಯಾವುದನ್ನು ಆಫ್ ಮಾಡಿದಾಗ ಹಾಡಿಗೆ ಕೊರತೆಯಾಯಿತೋ ಅದನ್ನು ಮತ್ತೆ ಹಚ್ಚಿ, ಉಳಿದದ್ದು ಆಫ್ ಇರಲಿ. ಹೊಸದಾಗಿ ಕಲಿಯುವವರಿಗೆ ದುಡ್ಡು ಖರ್ಚಿಲ್ಲದೆ ಸರ್ಜ್ ಎಕ್ಸ್‌ಟಿ ಅನ್ನೋ ಸಾಫ್ಟ್‌ವೇರ್ ಸಿಂಥ್ ಸಿಗುತ್ತದೆ, ಅಂಥದ್ದೇ ವೈಟಲ್‌ನ ಉಚಿತ ಆವೃತ್ತಿಯೂ ಇದೆ. ಎರಡರಲ್ಲೂ ಬೆಟ್ಟದಷ್ಟು ಸೌಲಭ್ಯ ಇದೆ, ಹೆದರಬೇಡಿ. ಇನಿಟ್ ಅನ್ನುವ ಖಾಲಿ ಪ್ಯಾಚ್ ತೆಗೆದು, ಒಂದು ಸಾ ವೇವ್, ಒಂದು ಲೋ ಪಾಸ್ ಫಿಲ್ಟರ್ ಬಿಟ್ಟು ಉಳಿದ ಯಾವ ಟ್ಯಾಬ್‌ಗೂ ಹೋಗದೆ ಒಂದು ಪೂರ್ತಿ ಹಾಡಿನ ಬೇಸ್ ಮತ್ತು ಲೀಡ್ ಮಾಡಿ. ಮುಂದಿನ ಸಲ ಸೇರಿದಾಗ ತನ್ನಿ, ಎಲ್ಲರದ್ದೂ ಕೇಳೋಣ.